ಬೆಳಗುವ ಬ್ಯಾಕ್ಟೀರಿಯಾ ಮತ್ತು ಪಾಟೀಲರ ಬೋರ್‌ವೆಲ್

ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ, ಬ್ಯಾಕ್ಟೀರಿಯಾ ಸಾಕುತ್ತಿದ್ದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿರುವ ನಮ್ಮ ಬೀದಿಯಲ್ಲಿ ಎಲ್ಲರೂ ಸಾಫ್ಟ್‌ವೇರಿನವರು. ಅವರಿಗೆ ಬ್ಯಾಕ್ಟೀರಿಯಾ ಎಂದರೆ ಕೈ ತೊಳೆಯಬೇಕೆಂದು ನೆನಪಿಸುವ ಪದ. ಈಚೆಗೆ ನಮ್ಮ ಹುಡುಗ ಹುಡುಗಿಯರು ಒಬ್ಬಿಬ್ಬರು ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. ಅವರು ನಗದೆ ಮುಂದಿನ ಪ್ರಶ್ನೆ ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟಿದ್ದೇನೆ. ಅದರಿಂದ ನಿಮಗೆ ಉಪಯೋಗವಿಲ್ಲ, ನನಗೂ ಅದು ಸರಿಯಾಗಿ ನೆನಪಿಲ್ಲ. ಕೆಲಸ ಎಲ್ಲೆಲ್ಲಿ ಕೈಕೊಟ್ಟಿತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನ ಒಂದು ಸಣ್ಣ ಲ್ಯಾಬ್ ಸೇರಿದೆ. ನೀರಿನಲ್ಲಿ ವಿಷ ಇದೆಯೇ ಎಂದು ಹೇಳಬಲ್ಲ ಜೀವಂತ ಬ್ಯಾಕ್ಟೀರಿಯಾ ತಯಾರಿಸುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ನ್ಯಾಫ್ತಲೀನ್. ಹೆಸರು ದೊಡ್ಡದು, ವಸ್ತು ಮನೆಯದೇ. ರೇಷ್ಮೆ ಸೀರೆಯ ಟ್ರಂಕಿನಲ್ಲಿ ಹಾಕುವ ನುಸಿಗುಳಿಗೆ, ಡಾಂಬರು ಗುಳಿಗೆ ಎನ್ನುತ್ತೇವಲ್ಲ, ಅದು. ಡಾಂಬರಿನಲ್ಲಿ, ಕಲ್ಲೆಣ್ಣೆಯಲ್ಲಿ, ರೈಲು ಹಳಿಯ ಕೆಳಗಿನ ಮರದ ತೊಲೆ ಹುಳ ತಿನ್ನದಂತೆ ನೆನೆಸುವ ಕಪ್ಪೆಣ್ಣೆಯಲ್ಲಿ, ಎಲ್ಲದರಲ್ಲೂ ಅದು ಇರುತ್ತದೆ. ಅಂಥ ಎಣ್ಣೆ ಮಣ್ಣಿಗೆ ಇಳಿದರೆ ನಿಧಾನವಾಗಿ ಅಂತರ್ಜಲಕ್ಕೂ ಇಳಿಯುತ್ತದೆ.

ಈ ನ್ಯಾಫ್ತಲೀನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿವೆ. ಊಟ ಎದುರಿಗೆ ಬಂದಾಗ ಮಾತ್ರ ಅವುಗಳ ಒಳಗಿನ ಒಂದು ಸ್ವಿಚ್ ಹಾಕಿಕೊಳ್ಳುತ್ತದೆ, ಜೀರ್ಣಿಸುವ ಯಂತ್ರ ಶುರುವಾಗುತ್ತದೆ. ಇನ್ನೊಂದು ಕಡೆ, ಸಮುದ್ರದಲ್ಲಿ ಮೈ ಬೆಳಗಿಸಿಕೊಂಡು ಬದುಕುವ ಬ್ಯಾಕ್ಟೀರಿಯಾ ಇವೆ. ಒಂದರ ಸ್ವಿಚ್ಚಿಗೆ ಇನ್ನೊಂದರ ದೀಪ ಜೋಡಿಸುವುದು ನಮ್ಮ ವಿದ್ಯೆ. ಬಾಗಿಲ ಕರೆಗಂಟೆಯ ತಂತಿಯನ್ನು ವರಾಂಡದ ಬಲ್ಬಿಗೆ ಕೊಟ್ಟ ಹಾಗೆ. ಯಾರೋ ಬಂದು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಕೇಳಲು ಸುಲಭ. ಜೋಡಿಸುವುದಕ್ಕೆ ನನಗೆ ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ಈಗ ನೀವು ಬೇಕಾದ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತರಿಸಿಕೊಳ್ಳುತ್ತೀರಿ, ಪಿಜ್ಜಾ ತರಿಸಿದ ಹಾಗೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಮುಖ್ಯಸ್ಥರು ಹಾಲೊವೇ ಎಂಬ ಎತ್ತರದ ಮನುಷ್ಯ. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಬೆಳಕು ಅಳೆಯುವ ಯಂತ್ರ ನಮ್ಮಲ್ಲಿಗೆ ಬರುವ ಮೊದಲು, ಕಿಟಕಿಯಿಲ್ಲದ ಉಗ್ರಾಣದೊಳಗೆ ನಮ್ಮನ್ನೆಲ್ಲ ಕೂರಿಸಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಅಲುಗಾಡಲೂ ಬಿಡುತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳುವರು, ಯಾವ ಕುಪ್ಪಿ ಬೆಳಗುತ್ತಿದೆ ಎಂದು. ಬೆಳಗದ ಕುಪ್ಪಿಯನ್ನೂ ಬೆಳಗುತ್ತಿದೆ ಎಂದು ನಾನು ಒಮ್ಮೆ ಹೇಳಿದೆ. ಬೆಳಗಲಿ ಎಂದು ಅಷ್ಟು ಆಸೆಪಟ್ಟಿದ್ದೆ. ಹಾಲೊವೇ ಬೈಯಲಿಲ್ಲ. ಮಾರನೆಯ ದಿನದಿಂದ ಕುಪ್ಪಿಗಳ ಮೇಲೆ ಅವರೇ ಗುರುತು ಹಾಕಿ, ಯಾವುದು ಯಾವುದೆಂದು ನಮಗೆ ಹೇಳುವುದನ್ನು ನಿಲ್ಲಿಸಿದರು. ಆಸೆ ಇರುವವರ ಕಣ್ಣನ್ನು ನಂಬಬಾರದು ಎಂಬುದನ್ನು ಅವರು ಹೀಗೆ ಕಲಿಸಿದರು.

ಇನ್ನೊಂದನ್ನು ಕಲಿಸಿದ್ದು ಮೈಸೂರಿನ ನನ್ನ ಕಾಲೇಜು ಗೆಳತಿ ನಳಿನಿ. ಅವಳು ಆಗ ಅಟ್ಲಾಂಟಾದ ಉತ್ತರಕ್ಕೆ, ಈಗಿನ ಜಾನ್ಸ್ ಕ್ರೀಕ್ ಕಡೆ ಮನೆ ಮಾಡಿದ್ದಳು. ಅಟ್ಲಾಂಟಾದ ಒಂದು ಸಭೆಯಲ್ಲಿ ನಮ್ಮ ಬ್ಯಾಕ್ಟೀರಿಯಾ ಬೆಳಗುವುದನ್ನು ತೋರಿಸಬೇಕಿತ್ತು. ವಿಮಾನದವರು ಇಂಥ ಡಬ್ಬಿ ಹತ್ತಿಸಿಕೊಳ್ಳುವುದಿಲ್ಲ. ಹಾಗಾಗಿ ಮಂಜುಗಡ್ಡೆ ತುಂಬಿದ ಪಿಕ್ನಿಕ್ ಕೂಲರಿನಲ್ಲಿ ಬಿಗಿಯಾಗಿ ಮುಚ್ಚಿದ ಕುಪ್ಪಿಗಳನ್ನಿಟ್ಟುಕೊಂಡು ನಾನೇ ಕಾರು ಓಡಿಸಿಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ಇನ್ನೊಂದು ಕೂಲರ್, ಅದರಲ್ಲಿ ಮೊಸರನ್ನ. ಎರಡರಲ್ಲೂ ಬ್ಯಾಕ್ಟೀರಿಯಾ, ಎರಡೂ ಕೆಡಬಾರದು.

ನಳಿನಿ ಹೊಟೇಲಿಗೆ ಹೋಗಲು ಬಿಡಲಿಲ್ಲ. ಬಿಸಿಬೇಳೆಬಾತ್ ಮಾಡಿ, ನನ್ನನ್ನು ಮಲಗಿಸಿ, ಬೆಳಿಗ್ಗೆ ನಾನು ಎದ್ದಾಗ ಸಂಭ್ರಮದಿಂದ ಹೇಳಿದಳು: "ನಿನ್ ಬಾಟಲ್ಸ್ ಎಲ್ಲಾ ಸೇಫಾಗಿದೆ ಕಣೇ. ಕೂಲರ್‌ನಲ್ಲಿ ಐಸ್ ಎಲ್ಲಾ ಮೆಲ್ಟ್ ಆಗ್ಬಿಟ್ಟಿತ್ತು. ಕೆಟ್ಟೋಗತ್ತೆ ಅಂತ ಫ್ರೀಜರ್‌ಗೆ ಎತ್ತಿಟ್ಟೆ."

"ಫ್ರಿಜ್ಜಿಗಾ, ಫ್ರೀಜರ್‌ಗಾ?"

"ಫ್ರೀಜರ್‌ಗೇ. ಗಟ್ಟಿಯಾಗಿದೆ ನೋಡು!"

ತಂಪಿನಲ್ಲಿ ಅವು ನಿದ್ದೆ ಮಾಡುತ್ತವೆ, ಹೆಪ್ಪುಗಟ್ಟಿದರೆ ಹೆಚ್ಚಿನವು ಸಾಯುತ್ತವೆ. ಬೇರೆ ದಾರಿಯಿಲ್ಲದೆ ಕರಗಿಸಿ ಕೊಂಡೊಯ್ದೆ. ಸಭೆಯಲ್ಲಿ ಕೊಳಕು ನೀರು ಹಾಕಿದ ಕುಪ್ಪಿಯೂ ಕತ್ತಲು, ಶುದ್ಧ ನೀರು ಹಾಕಿದ ಕುಪ್ಪಿಯೂ ಕತ್ತಲು. ಎದುರು ಸಾಲಿನಲ್ಲಿದ್ದ ಒಬ್ಬರು ಹಾಗಾದರೆ ಎರಡೂ ನೀರು ಕುಡಿಯಬಹುದಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಆದರೆ ಅವರು ಕೇಳಿದ್ದು ನಿಜವಾಗಿ ಭಯಂಕರ ಮಾತು. ಸತ್ತ ಬ್ಯಾಕ್ಟೀರಿಯಾವೂ ಶುದ್ಧ ನೀರಿನಲ್ಲಿರುವ ಬ್ಯಾಕ್ಟೀರಿಯಾವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಂದಿನಿಂದ ಪ್ರತಿ ಪರೀಕ್ಷೆಗೂ ಮೂರು ಕುಪ್ಪಿ ಇಡುವುದನ್ನು ರೂಢಿಸಿಕೊಂಡೆ. ಒಂದರಲ್ಲಿ ಪರೀಕ್ಷಿಸಬೇಕಾದ ನೀರು. ಎರಡನೆಯದರಲ್ಲಿ ಲ್ಯಾಬಿನ ಶುದ್ಧ ನೀರು. ಅದು ಕತ್ತಲಾಗಿಯೇ ಇರಬೇಕು. ಮೂರನೆಯದರಲ್ಲಿ ಪರೀಕ್ಷಿಸಬೇಕಾದ ನೀರಿಗೆ ನಾವೇ ಕರಗಿಸಿದ ನ್ಯಾಫ್ತಲೀನ್ ಒಂದು ಹನಿ ಬೆರೆಸಿದ್ದು, ಅದು ಬೆಳಗಲೇಬೇಕು. ಎರಡನೆಯದು ಬೆಳಗಿದರೆ, ಅಥವಾ ಮೂರನೆಯದು ಬೆಳಗದಿದ್ದರೆ, ಮೊದಲನೆಯದು ಏನೇ ಹೇಳಲಿ, ಕಿವಿಗೊಡಬಾರದು.

ಇದನ್ನು ಹೇಳಿದ್ದು ಪಾಟೀಲರ ಮನೆಯ ಕಥೆಗೆ ಬೇಕೆಂದು.

ಡಾಕ್ಟರ್ ಪಾಟೀಲರು ಬಿಜಾಪುರ ಕಡೆಯವರು. ನಾರ್ತ್ ಕ್ಯಾರೊಲಿನಾದಲ್ಲಿ, ಮಾರಿಸ್‌ವಿಲ್‌ನಿಂದ ಸಾಕಷ್ಟು ದೂರದ ಒಂದು ಸಣ್ಣ ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದರು. ಈಗ ಆ ಕಡೆಯವರಿಗೆ ಮಾರಿಸ್‌ವಿಲ್‌ನಲ್ಲಿ ದೇವಸ್ಥಾನ, ಕ್ರಿಕೆಟ್ಟು ಎಲ್ಲ ಇದೆ. ಆಗ ಕನ್ನಡ ಮಾತಾಡುವ ಒಂದು ಮನೆ ಸಿಕ್ಕಿದರೆ ಅದೇ ದೇವಸ್ಥಾನ. ವಾಷಿಂಗ್ಟನ್‌ನಿಂದ ಅಟ್ಲಾಂಟಾಕ್ಕೆ ಹೋಗುವಾಗ ಅವರ ಮನೆ ನನಗೆ ಅರ್ಧ ದಾರಿಯ ತಂಗುದಾಣ. ಅವರ ಹೆಂಡತಿ ಶೈಲಜಾ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು. ಜೋಳದ ಹಿಟ್ಟು ಎಲ್ಲಿಂದ ತರಿಸುತ್ತಿದ್ದಳೋ, ನಾನು ಹೋದಾಗಲೆಲ್ಲ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇರುತ್ತಿತ್ತು. ಮನೆ ಹೊಸದು, ಪೈನ್ ಮರಗಳ ನಡುವೆ. ಊರಿನ ನೀರಿನ ಪೈಪು ಅಲ್ಲಿಯವರೆಗೆ ಬಂದಿರಲಿಲ್ಲ, ಸುತ್ತಲಿನ ಮನೆಗಳಿಗೆಲ್ಲ ಅವರವರ ಬೋರ್‌ವೆಲ್ಲೇ.

ಕುಪ್ಪಿಗಳನ್ನು ತೋರಿಸಲು ಎರಡನೆಯ ಸಲ ಅಟ್ಲಾಂಟಾಕ್ಕೆ ಹೋಗುವುದಿತ್ತು. ಒಂದು ವಾರ ಮೊದಲು ಫೋನು ಮಾಡಿದಾಗ ಶೈಲಜಾ ದನಿ ತಗ್ಗಿಸಿ ಕೇಳಿದಳು.

"ಅಕ್ಕಾರ, ನೀವು ನೀರು ಟೆಸ್ಟ್ ಮಾಡ್ತೀರಲ್ರಿ, ನಮ್ಮ ವೆಲ್ ವಾಟರ್ ನೋಡ್ತೀರೇನು? ನನಗ ಅದ್ರಾಗ ಡಾಂಬರ ಗುಳಗಿ ವಾಸನಿ ಬರ್ತದ. ಇವರಿಗೆ ಏನೂ ಬರಂಗಿಲ್ಲಂತ. ನಾ ಮಗೂಗ ಅಂಗಡಿ ನೀರ ತಂದು ಕುಡಸ್ಲಿಕ್ಕತ್ತೀನಿ, ಅದಕ್ಕೂ ಇವರು ನಗ್ತಾರ."

ಹಿಂದಿನಿಂದ ಪಾಟೀಲರ ದನಿ ಕೇಳಿಸಿತು. "ಟ್ರಂಕ್ ತುಂಬ ಗುಳಗಿ ಹಾಕ್ಯಾಳ್ರಿ, ಮೂಗಿನ ತುಂಬ ಅದ ವಾಸನಿ! ಕೌಂಟಿಯವರು ಟೆಸ್ಟ್ ಮಾಡ್ಯಾರ, ನೀರು ಫಸ್ಟ್ ಕ್ಲಾಸ್ ಅದ ಅಂತ ರಿಪೋರ್ಟ್ ಕೊಟ್ಟಾರ."

ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ನೋಡಿದ್ದು ರೋಗಾಣು ಇದೆಯೇ ಎಂದು. ರಾಸಾಯನಿಕಗಳನ್ನು ಹುಡುಕಲು ಅವರಿಗೆ ಒಂದು ಕಾರಣ ಬೇಕು, ಗೃಹಿಣಿಯೊಬ್ಬಳ ಮೂಗು ಅವರಿಗೆ ಕಾರಣವೆನಿಸಲಿಲ್ಲ. ನನಗೆ ಮಾತ್ರ ಆ ವಾಸನೆಯ ಹೆಸರು ಕೇಳಿಯೇ ಕುತೂಹಲ ಹುಟ್ಟಿತು. ಹಾಲೊವೇ ಬಳಿ ಅನುಮತಿ ಕೇಳಿದೆ. ಕುಪ್ಪಿ ತೆರೆಯಬಾರದು, ಒಯ್ದ ಕುಪ್ಪಿಗಳನ್ನೆಲ್ಲ ಹಾಗೇ ವಾಪಸು ತಂದು ಲ್ಯಾಬಿನಲ್ಲಿ ಬೇಯಿಸಿ ಕೊಲ್ಲಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ನಾವು ಮಾಡಿದ ಜೀವಿ ಯಾರ ಅಂಗಳದಲ್ಲೂ ಉಳಿಯಬಾರದು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಪಾಟೀಲರ ಮನೆ ಆ ದಿನ ಹಬ್ಬದ ಮನೆಯಂತೆ ತೊಳೆದು ಬಳಿದಿತ್ತು. ನೆಲದಿಂದ ಬ್ಲೀಚಿನ ಗಮಲು. ಊಟ ಮುಗಿಸಿ, ನಲ್ಲಿಯಿಂದ ನೀರು ಹಿಡಿದು, ರಬ್ಬರ್ ಮುಚ್ಚಳದ ಮೂಲಕ ಸಿರಿಂಜಿನಿಂದ ಕುಪ್ಪಿಗೆ ಚುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಬೆಳಕು ಅಳೆಯುವ ಪೆಟ್ಟಿಗೆಯಲ್ಲಿಟ್ಟೆ. ಆ ಹೊತ್ತಿಗೆ ಅದು ಕೈಚೀಲದಷ್ಟು ಸಣ್ಣದಾಗಿತ್ತು. ಕತ್ತಲು.

ಪಾಟೀಲರು ಚಪ್ಪಾಳೆ ತಟ್ಟಿದರು. "ನೋಡು ಶೈಲಾ, ಸೈನ್ಸ್ ಏನ್ ಹೇಳ್ತದ!"

ಶೈಲಜಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನು ಮೂರನೆಯ ಕುಪ್ಪಿ ಇಟ್ಟೆ, ಬೆಳಗಲೇಬೇಕಾದದ್ದು. ಅದೂ ಕತ್ತಲು. ಇನ್ನೊಂದು ಹನಿ ನ್ಯಾಫ್ತಲೀನ್ ಹಾಕಿದೆ. ಆಗಲೂ ಕತ್ತಲು. ನಳಿನಿಯ ಫ್ರೀಜರ್ ಕಣ್ಣೆದುರು ಬಂತು. ಆದರೆ ಅದೇ ಹನಿಯನ್ನು ಲ್ಯಾಬಿನ ಶುದ್ಧ ನೀರಿನ ಕುಪ್ಪಿಗೆ ಹಾಕಿದಾಗ ಅದು ಬೆಳಗಿತು.

"ಡಾಕ್ಟ್ರೇ, ಈ ನೀರು ನನ್ನ ಬ್ಯಾಕ್ಟೀರಿಯಾನ ಕೊಂದು ಹಾಕಿದೆ. ಬೋರ್‌ವೆಲ್‌ಗೆ ಏನಾದ್ರೂ ಹಾಕಿದ್ರಾ?"

"ಹೌದ್ರಿ. ನಿನ್ನೆ ಬ್ಲೀಚ್ ಹಾಕ್ಸಿ ಕ್ಲೀನ್ ಮಾಡ್ಸೇನಿ. ನೀವು ಟೆಸ್ಟ್ ಮಾಡ್ಲಿಕ್ಕೆ ಬರ್ತೀರಿ ಅಂದ್ರ ಹೊಲಸು ನೀರು ಹೆಂಗ ಕೊಡೂದು? ಮರ್ಯಾದಿ ಬ್ಯಾಡ?"

ನಗು ತಡೆಯಲಾಗಲಿಲ್ಲ. ನೆಂಟರು ಬರುತ್ತಾರೆಂದು ಅಂಗಳ ಗುಡಿಸುವವರನ್ನು ನೋಡಿದ್ದೇನೆ, ಅಂತರ್ಜಲ ತೊಳೆಸಿದವರನ್ನು ಅದೇ ಮೊದಲು ನೋಡಿದ್ದು. ರೋಗಿಯ ರಕ್ತ ತೆಗೆಯುವ ಮೊದಲು ಅದನ್ನು ಸೋಸಿ ಕೊಡುತ್ತೀರಾ ಎಂದು ಕೇಳಿದೆ. ಪಾಟೀಲರು ಒಳ್ಳೆಯ ಮನುಷ್ಯ, ತಪ್ಪು ಅರ್ಥವಾದ ಕೂಡಲೇ ಹಣೆ ಚಚ್ಚಿಕೊಂಡರು. ಬ್ಲೀಚು ಪೂರ್ತಿ ಹೋಗುವವರೆಗೆ ಹೊರಗಿನ ನಲ್ಲಿ ಬಿಟ್ಟಿರಿ, ಅಟ್ಲಾಂಟಾದಿಂದ ಹಿಂತಿರುಗುವಾಗ ಮತ್ತೆ ನೋಡುತ್ತೇನೆ ಎಂದು ಹೇಳಿ ಹೊರಟೆ.

ಈ ಸಲ ಅಟ್ಲಾಂಟಾದ ಸಭೆಯಲ್ಲಿ ಎಲ್ಲವೂ ಬೆಳಗಬೇಕಾದಂತೆ ಬೆಳಗಿತು. ನಳಿನಿಗೆ ಕೂಲರಿನ ಹತ್ತಿರ ಬರಲೇಬಾರದೆಂದು ತಾಕೀತು ಮಾಡಿದ್ದೆ. ವಾಪಸು ಬರುವಾಗ ಪಾಟೀಲರ ಮನೆ ತಲುಪುವ ಹೊತ್ತಿಗೆ ಸುಸ್ತಾಗಿತ್ತು, ಬೆಳಿಗ್ಗೆ ನೋಡೋಣವೆಂದು ಮಲಗಿದೆ. ಶೈಲಜಾ ನನ್ನ ಕೂಲರನ್ನೂ ಲ್ಯಾಬಿನಿಂದ ತಂದ ಶುದ್ಧ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನೂ ಜೋಪಾನವಾಗಿ ಒಳಗಿಟ್ಟಿದ್ದಳು. ನಡೆಯಲು ಕಲಿತ ಮಗಳ ಕೈಗೆ ಸಿಗಬಾರದೆಂದು.

ಬೆಳಿಗ್ಗೆ ಪರೀಕ್ಷೆ ಮಾಡಿದೆ. ಬೋರ್‌ವೆಲ್ಲಿನ ನೀರು ಬೆಳಗಿತು. ಶೈಲಜಾ ನನ್ನ ಭುಜ ಹಿಡಿದುಕೊಂಡಳು. ಮೂರನೆಯ ಕುಪ್ಪಿ ಬೆಳಗಿತು. ಸರಿ. ಕತ್ತಲಾಗಿರಬೇಕಾದ ಎರಡನೆಯದು, ಲ್ಯಾಬಿನ ಶುದ್ಧ ನೀರಿನದ್ದು, ಅದೂ ಬೆಳಗಿತು.

ನಾನು ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಮದುವೆಮನೆಗೆ ಹೊರಟ ಹೆಂಗಸರ ವಾಸನೆ.

"ಶೈಲಜಾ, ಇದನ್ನ ಎಲ್ಲಿಟ್ಟಿದ್ರಿ?"

"ಗೆಸ್ಟ್ ರೂಮಿನ ಕ್ಲೋಸೆಟ್‌ನಾಗ ಇಟ್ಟಿದ್ದೆ ಅಕ್ಕಾರ. ಟ್ರಂಕಿನ ಮ್ಯಾಲ."

ಇಳಕಲ್ ಸೀರೆಗಳ ಟ್ರಂಕು. ನ್ಯಾಫ್ತಲೀನ್ ಗಾಳಿಗೆ ಹಾರುವ ವಸ್ತು, ತೆಳು ಪ್ಲಾಸ್ಟಿಕ್ಕಿನೊಳಕ್ಕೂ ನುಸುಳುತ್ತದೆ. ಮುಚ್ಚಿದ ಕ್ಲೋಸೆಟಿನಲ್ಲಿ ಅದು ನನ್ನ ಶುದ್ಧ ನೀರನ್ನು ಹೊಕ್ಕಿತ್ತು. ನಮ್ಮ ಬ್ಯಾಕ್ಟೀರಿಯಾ ಎಷ್ಟು ಸೂಕ್ಷ್ಮ ಎಂದು ನಾವು ಸಭೆಗಳಲ್ಲಿ ಕೊಚ್ಚಿಕೊಳ್ಳುತ್ತಿದ್ದೆವಲ್ಲ, ಅದರ ಫಲ ಇದು. ಅವಕ್ಕೆ ಕಾರ್ಖಾನೆಯ ಎಣ್ಣೆಯೂ ಒಂದೇ, ತವರಿನ ಸೀರೆಯೂ ಒಂದೇ.

ಪಾಟೀಲರು ಈ ಸಲ ಚಪ್ಪಾಳೆ ತಟ್ಟಲಿಲ್ಲ, ಮೆಲ್ಲಗೆ ನಕ್ಕರು. "ನಾ ಮೊದಲ ಹೇಳಿದ್ದೆ. ಟ್ರಂಕಿನ ವಾಸನಿ."

"ಹಾಗಲ್ಲ ಡಾಕ್ಟ್ರೇ. ಈ ಟೆಸ್ಟ್ ಲೆಕ್ಕಕ್ಕಿಲ್ಲ ಅಷ್ಟೇ. ನೀರು ಚೆನ್ನಾಗಿದೆ ಅಂತಾನೂ ಅಲ್ಲ, ಕೆಟ್ಟಿದೆ ಅಂತಾನೂ ಅಲ್ಲ. ಇನ್ನೊಂದ್ ಸಲ ಮಾಡ್ಬೇಕು."

ಅವರು ತಲೆಯಾಡಿಸಿದರು. ಶೈಲಜಾ ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳ ಮುಖ ಸಪ್ಪಗಾಗಿದ್ದುದು ಕಂಡಿತು. ಸಮಾಧಾನ ಹೇಳಬೇಕೆನಿಸಿತು, ಆದರೆ ನನ್ನ ಬಳಿ ಇದ್ದದ್ದು ಲೆಕ್ಕಕ್ಕಿಲ್ಲದ ಒಂದು ಪರೀಕ್ಷೆ. ಬುತ್ತಿ ಕಟ್ಟಿಸಿಕೊಂಡು ಮೇರಿಲ್ಯಾಂಡಿಗೆ ಹೊರಟೆ.

ಹಾಲೊವೇಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಆ ಮನೆಯ ಜಾಗದಲ್ಲಿ ಮೊದಲು ಏನಿತ್ತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಫೋನು ಮಾಡಿ ಪಾಟೀಲರನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಅವರು ತಮ್ಮ ಕ್ಲಿನಿಕ್ಕಿಗೆ ಬರುವ ವಯಸ್ಸಾದ ರೋಗಿಗಳನ್ನು ವಿಚಾರಿಸಿದರು. ಪೈನ್ ಮರಗಳನ್ನು ನೆಡುವ ಮೊದಲು ಅಲ್ಲಿ ಮರದ ಯಾರ್ಡ್ ಇತ್ತಂತೆ. ವಿದ್ಯುತ್ ಕಂಬ, ರೈಲಿನ ತೊಲೆಗಳನ್ನು ಕಪ್ಪೆಣ್ಣೆಯಲ್ಲಿ ನೆನೆಸಿ ಒಣಹಾಕುತ್ತಿದ್ದರಂತೆ. ಇದನ್ನು ನನಗೆ ಹೇಳುವಾಗ ಪಾಟೀಲರ ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ.

"ಲಗೂನ ಬರ್ರಿ," ಎಂದರು.

ಮೂರನೆಯ ಸಲ ಹೋಗುವಾಗ ನನ್ನದೇ ನಿಯಮಗಳು. ಅವರ ಮನೆಯಲ್ಲಿ ಉಳಿಯುವುದಿಲ್ಲ, ಊಟವನ್ನೂ ಮಾಡುವುದಿಲ್ಲ. ನೀರನ್ನು ಬೋರ್‌ವೆಲ್ಲಿನ ಬಾಯಿಯ ಹತ್ತಿರದ ನಲ್ಲಿಯಿಂದಲೇ, ಬಹಳ ಹೊತ್ತು ಹರಿಯಬಿಟ್ಟು, ಗಾಜಿನ ಬಾಟಲಿಯಲ್ಲಿ ಹಿಡಿಯುವುದು. ಟ್ರಂಕಿನ ಹತ್ತಿರ ಸುಳಿದ ಬಟ್ಟೆ ಯಾರ ಮೈಮೇಲೂ ಇರಬಾರದು, ಮಗುವಿನ ಸ್ವೆಟರ್ ಕೂಡ. ಹೊಸದಾಗಿ ಒಗೆದ ಹತ್ತಿ ಬಟ್ಟೆ ಮಾತ್ರ. ಊಟ ಬೇಡವೆಂದದ್ದಕ್ಕೆ ಶೈಲಜಾಗೆ ಬಹಳ ಬೇಜಾರಾಯಿತು. ಎಷ್ಟು ಹೇಳಿದರೂ ಕೇಳದೆ ಕಾರಿನ ಡಿಕ್ಕಿಯಲ್ಲಿ ರೊಟ್ಟಿಯ ಗಂಟು ಇಟ್ಟಳು.

ಪರೀಕ್ಷೆಗೆ ಮನೆ ಬೇಡ, ಬೇರೆ ಎಲ್ಲಿ ಎಂದು ಯೋಚಿಸುತ್ತಿದ್ದಾಗ ಪಾಟೀಲರೇ ದಾರಿ ಹೇಳಿದರು. ಅವರ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುವ ಕತ್ತಲು ಕೋಣೆ ಇತ್ತು. ಆಗೆಲ್ಲ ಫಿಲ್ಮೇ. ಕ್ಲಿನಿಕ್ಕಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆವು. ಮೂರು ಕುಪ್ಪಿಗಳಿಗೆ ನೀರು ಚುಚ್ಚಿ, ಯಾವುದು ಯಾವುದೆಂದು ತಿಳಿಯದಂತೆ ಗುರುತು ಹಾಕಲು ಪಾಟೀಲರಿಗೆ ಕೊಟ್ಟು ನಾನು ಹೊರಗೆ ನಿಂತೆ. ಹಾಲೊವೇ ಕಲಿಸಿದ ಪಾಠ. ನನಗೆ ಆಸೆ ಇತ್ತು, ಅದು ನನಗೆ ಗೊತ್ತಿತ್ತು.

ಯಂತ್ರದಲ್ಲಿ ಅಳೆದೆ. ಒಂದು ಕತ್ತಲು, ಎರಡು ಬೆಳಕು. ಪಾಟೀಲರು ಗುರುತು ನೋಡಿ ಹೇಳಿದರು: ಕತ್ತಲಾದದ್ದು ಲ್ಯಾಬಿನ ಶುದ್ಧ ನೀರು. ಬೆಳಗಿದ್ದು ನಾವು ನ್ಯಾಫ್ತಲೀನ್ ಬೆರೆಸಿದ್ದು ಮತ್ತು ಬೋರ್‌ವೆಲ್ಲಿನದು. ಮೂರು ಕುಪ್ಪಿಗಳೂ ತಮ್ಮ ತಮ್ಮ ಮಾತು ಸರಿಯಾಗಿ ಹೇಳಿದ್ದವು. ಯಂತ್ರದ ಅಂಕಿ ಶೈಲಜಾಗೆ ಏನೂ ಹೇಳುವುದಿಲ್ಲ ಎಂದು ನನಗನಿಸಿತು. ಕಣ್ಣಾರೆ ನೋಡಬೇಕಾ ಎಂದು ಕೇಳಿದೆ. ಹೂಂ ಎಂದಳು.

ಎಲ್ಲರೂ ಕತ್ತಲು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ನಾನು ಹಾಲೊವೇಯಂತೆ ಯಾರನ್ನೂ ಅಲುಗಾಡಲು ಬಿಡಲಿಲ್ಲ. ಮೊದಲು ಏನೂ ಕಾಣಲಿಲ್ಲ, ಉಸಿರಾಟ ಮಾತ್ರ ಕೇಳುತ್ತಿತ್ತು. ಬರಬರುತ್ತ ಮೇಜಿನ ಮೇಲೆ ಎರಡು ಕಡೆ ತಿಳಿ ಹಸಿರು ನೀಲಿಯ ಬೆಳಕು ಮೂಡಿತು. ಎಷ್ಟು ಸಲ ನೋಡಿದ್ದರೂ ನನಗೆ ಆ ಬೆಳಕು ಇಷ್ಟ. ಅದು ಬಹಳ ಶಾಂತವಾದ ಬೆಳಕು. ನನ್ನ ಕೆಲಸ ಗೆದ್ದಿತ್ತು, ಶೈಲಜಾಳ ಮೂಗು ಗೆದ್ದಿತ್ತು. ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

"ಅವ್ವಾ, ಲೈಟ್," ಎಂದಿತು ಮಗು.

"ಅದು ನಮ್ಮನಿ ನೀರೇನ್ರಿ ಅಕ್ಕಾರ? ಎಡಗಡೆದು?"

"ಹೌದು. ನೀವು ಹೇಳಿದ್ದು ಸರಿ ಇತ್ತು ಶೈಲಜಾ. ಮೊದಲಿನಿಂದಲೂ ಸರಿ ಇತ್ತು."

ಆಮೇಲೆ ಅವಳು ಕೇಳಿದ ದನಿ ನನಗೆ ಇಂದಿಗೂ ಕೇಳಿಸುತ್ತದೆ. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಹಂಗಾರ ನಾ ಅಂಗಡಿ ನೀರು ಯಾಕ ಬಿಟ್ಟೆ?"

"ಬಿಟ್ರಾ? ಯಾವಾಗ?"

"ಹೋದ ಸಲ ನೀವು ಹೋದ ಮ್ಯಾಲ. ಟ್ರಂಕಿನ ವಾಸನಿ ಅಂತ ನಿಮ್ಮ ಮಷಿನ್ನೂ ಹೇಳ್ತು. ನನ್ನ ಮೂಗ ಸರಿ ಇಲ್ಲ, ಸುಮ್ನ ಇಷ್ಟು ದಿನಾ ಎಲ್ಲಾರಿಗೂ ತ್ರಾಸ ಕೊಟ್ಟೆ ಅಂತ ಅನಿಸ್ತು. ಅವತ್ತಿನಿಂದ ಈಕಿಗೆ ಇದ ನೀರು ಕುಡಸೀನಿ ಅಕ್ಕಾರ. ಹಾಲಿಗೂ ಇದ, ಅನ್ನಕ್ಕೂ ಇದ."

ಮಗು ಇನ್ನೂ ಅಂಗಡಿ ನೀರೇ ಕುಡಿಯುತ್ತಿದೆ ಎಂದುಕೊಂಡಿದ್ದ ಪಾಟೀಲರು ಬಾಗಿಲಿನ ಚಿಲಕ ಹುಡುಕುತ್ತಿದ್ದರು, ಸಿಗಲಿಲ್ಲ. ನಾನೇ ತೆಗೆದೆ. ಹೊರಗಿನ ಬೆಳಕಿನಲ್ಲಿ ಅವರ ಮುಖ ನೋಡಲಾಗಲಿಲ್ಲ. ಮಗಳನ್ನು ಹೆಂಡತಿಯ ಕೈಯಿಂದ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು. ನ್ಯಾಫ್ತಲೀನ್ ಹೊಟ್ಟೆಗೆ ಹೋದರೆ ಮಕ್ಕಳ ರಕ್ತಕಣಗಳು ಒಡೆಯಬಹುದು. ರಕ್ತ ತೆಗೆಯುವಾಗ ಮಗು ಅತ್ತಿತು. ನಾನು ಮಗುವಿನ ತೋಳು ಹಿಡಿದುಕೊಂಡೆ.

ಮಗುವಿಗೆ ಏನೂ ಆಗಿರಲಿಲ್ಲ. ಇದನ್ನು ತಡಮಾಡದೆ ಹೇಳಿಬಿಡುತ್ತೇನೆ. ರಕ್ತ ಸರಿಯಾಗಿತ್ತು, ಆಮೇಲೂ ಸರಿಯಾಗಿಯೇ ಇತ್ತು. ಅವಳು ಬೆಳೆದು, ಓದಿ, ಈಗ ಅವಳಿಗೇ ಒಬ್ಬ ಮಗ. ನನ್ನನ್ನು ಕಂಡರೆ "ಆಂಟಿ, ಹೌ ಆರ್ ಯೂ, ಊಟ ಆಯ್ತ್?" ಎನ್ನುತ್ತಾಳೆ. ನಮ್ಮ ಪರೀಕ್ಷೆಯನ್ನು ಕಾರಣವೆಂದು ತೋರಿಸಿದ ಮೇಲೆ ದೊಡ್ಡ ಲ್ಯಾಬಿನವರು ಬಂದು ತಮ್ಮ ಯಂತ್ರಗಳಲ್ಲಿ ನೋಡಿದರು, ಅಕ್ಕಪಕ್ಕದ ಮನೆಗಳ ಬೋರ್‌ವೆಲ್ಲಿನಲ್ಲೂ ಕಪ್ಪೆಣ್ಣೆಯ ಅಂಶ ಸಿಕ್ಕಿತು. ಊರಿನ ಪೈಪು ಅಲ್ಲಿಯವರೆಗೆ ಬಂತು, ಬೋರ್‌ವೆಲ್ಲುಗಳನ್ನು ಮುಚ್ಚಿದರು. ಸಭೆಗಳಲ್ಲಿ ನಾವು ಇದನ್ನು ನಮ್ಮ ಗೆಲುವೆಂದು ತೋರಿಸಿದೆವು. ಗೆಲುವೇ, ಸುಳ್ಳಲ್ಲ.

ಆದರೆ ಹೊಸಬರಾದ ನಿಮಗೆ ನಾನು ಹೇಳಬೇಕೆಂದಿರುವುದು ಎರಡನೆಯ ಪರೀಕ್ಷೆಯ ಬಗ್ಗೆ. ಲೆಕ್ಕಕ್ಕಿಲ್ಲ ಎಂದು ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಲ್ಯಾಬಿನಲ್ಲಿ ಆ ಮಾತಿನ ಅರ್ಥ ಇಷ್ಟೆ: ಏನೂ ತಿಳಿಯಲಿಲ್ಲ, ಇನ್ನೊಮ್ಮೆ ಮಾಡು. ಇನ್ನೊಮ್ಮೆ ಮಾಡುವವರೆಗೆ ಅಲ್ಲಿ ಯಾರೂ ಆ ನೀರು ಕುಡಿಯುವುದಿಲ್ಲ. ಅಡುಗೆಮನೆಯಲ್ಲಿ ಹಾಗಲ್ಲ. ನಾವು ಕಾರು ಹತ್ತಿ ಹೊರಟ ಮೇಲೂ ಅಲ್ಲಿ ಬಾಯಾರಿಕೆಯಾಗುತ್ತದೆ, ಅನ್ನಕ್ಕೆ ನೀರಿಡಬೇಕು, ಯಾರೋ ನಲ್ಲಿ ತಿರುಗಿಸಲೇಬೇಕು.

ಕ್ಲಿನಿಕ್ಕಿನ ಆ ಮೂರನೆಯ ಪರೀಕ್ಷೆ ಮುಗಿಸಿ ಮೇರಿಲ್ಯಾಂಡಿಗೆ ಹೊರಟವಳು ವರ್ಜೀನಿಯಾದ ಗಡಿ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆದೆ. ಒಂದು ಕಡೆ ಕುಪ್ಪಿಗಳ ಕೂಲರ್, ಇನ್ನೊಂದು ಕಡೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಹಸಿವಾಗಿತ್ತು. ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದೆ. ಆ ಹಿಟ್ಟನ್ನು ಯಾವ ನೀರಿನಲ್ಲಿ ನಾದಿದ್ದಾಳೆ ಎಂಬುದು ಆಗ ಹೊಳೆಯಿತು. ನಾನು ಹೊರಡುವಾಗ ಅವಳಿಗೂ ಹೊಳೆದಿರಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎಸೆಯಲು ಮನಸ್ಸು ಬರಲಿಲ್ಲ, ತಿನ್ನಲೂ ಆಗಲಿಲ್ಲ. ಪಾಟೀಲರ ಮನೆಯ ಸೊಗಸಾದ ರೊಟ್ಟಿಯನ್ನು ಅಷ್ಟು ಸಲ ತಿಂದಿದ್ದೇನೆ, ನೀರಿನ ಬಗ್ಗೆ ಒಮ್ಮೆಯೂ ಹೀಗೆ ಯೋಚಿಸಿರಲಿಲ್ಲ. ಶೈಲಜಾ ದಿನವೂ ಹೀಗೆಯೇ ಯೋಚಿಸುತ್ತಿದ್ದಳು, ಒಬ್ಬಳೇ.

ಆಮೇಲೆ ನಿವೃತ್ತಿಯಾಗುವವರೆಗೆ ನೂರಾರು ಮನೆಗಳ ನೀರು ನೋಡಿದೆ. ಪರೀಕ್ಷೆ ಕೆಟ್ಟ ದಿನಗಳೂ ಇದ್ದವು. ಅಂಥ ದಿನ ಲೆಕ್ಕಕ್ಕಿಲ್ಲ ಎಂಬ ಮಾತನ್ನು ಅಷ್ಟಕ್ಕೇ ಬಿಟ್ಟು ಬರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವರು ಯಾರೆಂದು ಕೇಳಿ, ಅವರ ಹತ್ತಿರ ಹೋಗಿ, ಅವರ ಭಾಷೆಯಲ್ಲಿ ಹೇಳುತ್ತಿದ್ದೆ: "ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗೋವರೆಗೂ ಈ ನೀರು ಕುಡೀಬೇಡಿ."